ಬೆಟಗೇರಿಯಿಂದ ಸಮುದ್ರಕ್ಕೆ ಒಂದು ದೋಣಿ

ಗದಿಗೆವ್ವನ ಎಮ್ಮೆಯ ಮೇಲಿನ ಸಿಟ್ಟು ಯಮನೂರಸಾಬನಿಗೆ ಇವತ್ತಿಗೂ ಇಳಿದಿಲ್ಲ. ಎಮ್ಮೆ ಸತ್ತು ಮೂರು ವರ್ಷವಾಯಿತು. ಆದರೂ ಅದನ್ನು ಕಟ್ಟುತ್ತಿದ್ದ ಗೂಟದ ಮುಂದೆ ಹಾಯುವಾಗ ಅವನು ಮುಖ ಬೇರೆ ಕಡೆ ತಿರುಗಿಸಿಕೊಂಡೇ ಹೋಗುತ್ತಾನೆ. ಯಮನೂರಸಾಬ ಎಮ್ಮೆಯ ಜೊತೆ ಮಾತು ಬಿಟ್ಟಿದ್ದಾನೆ ಎಂದು ಓಣಿಯವರು ನಗುತ್ತಾರೆ. ನಗಲಿ! ನಗುವವರಿಗೇನು, ಅವರ ದೋಣಿ ಹೋಯಿತೇ? ಸಮುದ್ರಕ್ಕೆ ಹೊರಟು ನಿಂತಿದ್ದ ಮನುಷ್ಯನನ್ನು ನಳದ ಪಾಳಿಗೆ ತಂದು ನಿಲ್ಲಿಸಿದ ಎಮ್ಮೆ ಅದು.

ಯಮನೂರಸಾಬ ಬೆಟಗೇರಿಯಲ್ಲಿ ಚಕ್ಕಡಿ ಮಾಡುವ ಬಡಿಗ. ಮೂರನೆಯ ಇಯತ್ತೆಗೇ ಶಾಲೆ ಬಿಟ್ಟವನು. ಅವನು ಶಾಲೆ ಬಿಟ್ಟನೋ, ಶಾಲೆ ಅವನ ಕೈಯಿಂದ ಬಿಡಿಸಿಕೊಂಡಿತೋ, ಅದರ ಬಗ್ಗೆ ಎರಡು ಮಾತಿವೆ. ಅಕ್ಷರ ಕಡಿಮೆಯಾದರೂ ಕೈ ಬಂಗಾರದ್ದು. ಅವನ ಚಕ್ಕಡಿಗಳು ಹೊಂಬಳದಿಂದ ಸೊರಟೂರಿನವರೆಗೆ ಎಲ್ಲ ಊರ ದಾರಿಯಲ್ಲೂ ಓಡುತ್ತಿದ್ದವು. ಇಷ್ಟು ಚಕ್ಕಡಿಗಳ ನಡುವೆ ಅವನು ಜನ್ಮದಲ್ಲಿ ಒಂದೇ ಒಂದು ದೋಣಿ ಮಾಡಿದ್ದ. ಮುಂಡರಗಿ ಕಡೆಯ ಒಬ್ಬ ಅಂಬಿಗ, ತುಂಗಭದ್ರೆಯಲ್ಲಿ ಜನರನ್ನು ದಾಟಿಸಲು ಬೇಕೆಂದು ಹೇಳಿ ಮಾಡಿಸಿಕೊಂಡು ಹೋಗಿದ್ದ. ಹನ್ನೆರಡು ಫೂಟು ಉದ್ದ, ಸಾಗವಾನಿ ಹಲಗೆ. ಒಂದು ಹನಿ ನೀರು ಒಳಗೆ ಬಂದರೆ ಕೇಳಿ ಎಂದು ಅಂಬಿಗನಿಗೆ ಹೇಳಿದ್ದ. ಅಂಬಿಗ ಕೇಳಲಿಕ್ಕೆ ಬರಲಿಲ್ಲ. ಅಂದಿನಿಂದ ಯಮನೂರಸಾಬನ ಮಾತಿನಲ್ಲಿ ಚಕ್ಕಡಿ ಹಿಂದೆ ಬಿತ್ತು, ದೋಣಿ ಮುಂದೆ ಬಂತು. ಮದುವೆ ಇರಲಿ, ಮಣ್ಣು ಕೊಡುವುದಿರಲಿ, ನಾಲ್ಕು ಜನ ಕೂತರೆ ದೋಣಿ ಹೊರಡುತ್ತಿತ್ತು.

ಹಾಗೆ ಒಮ್ಮೆ ಲಕ್ಷ್ಮೇಶ್ವರದ ಮದುವೆಯೊಂದರ ಊಟದ ಪಂಕ್ತಿಯಲ್ಲಿ ಹೊರಟಿತು. ಎದುರಿಗೆ ಕೂತಿದ್ದವನು ಅವನ ಷಡ್ಡಕ, ಎಂದರೆ ಹೆಂಡತಿ ಬಾನುಬಿಯ ತಂಗಿಯ ಗಂಡ, ನಜೀರಸಾಬ. ಹುಟ್ಟಿದ್ದು ಹೊಂಬಳದಲ್ಲಿ, ಕುಡಿದು ಬೆಳೆದದ್ದು ಹೊಂಬಳದ ಕೆರೆಯ ನೀರು. ಆದರೆ ಉಪ್ಪಿನ ಲಾರಿ ಹತ್ತಿ ಸಾಣಿಕಟ್ಟಾಕ್ಕೆ ಹೋಗಿ, ಅಲ್ಲಿಯ ಉಪ್ಪಿನ ಆಗರದಲ್ಲಿ ಕೆಲಸಕ್ಕೆ ನಿಂತು ನಾಲ್ಕು ವರ್ಷವಾಗುವುದರೊಳಗೆ ಸಮುದ್ರವನ್ನು ತಾನೇ ತೋಡಿಸಿದವನಂತೆ ಮಾತಾಡಲು ಕಲಿತಿದ್ದ.

"ಭಾಯಿ, ನಿಮ್ಮೂರಾಗ ನಳಾ ಬರೂದು ಎಂಟ ದಿನಕ್ಕ ಒಮ್ಮಿ. ನಿಮಗ್ಯಾಕ ದೋಣಿ ಉಸಾಬರಿ?" ಎಂದ ನಜೀರಸಾಬ. ಪಂಕ್ತಿಯೆಲ್ಲ ನಕ್ಕಿತು. ಅವನು ಅಷ್ಟಕ್ಕೇ ಬಿಡಬೇಕಲ್ಲ? "ಸಿಹಿನೀರಿನ ದೋಣಿ ಉಪ್ಪುನೀರಿಗೆ ತಾಳಂಗಿಲ್ಲ. ಅರ್ಧ ತಾಸಿನ್ಯಾಗ ಬಾಯಿ ಬಿಡತೈತಿ."

ಯಮನೂರಸಾಬ ಕೈಯಲ್ಲಿನ ತುತ್ತನ್ನು ತಟ್ಟೆಗೇ ಹಾಕಿ ಎದ್ದು ನಿಂತ. ಅವನ ಸಿಟ್ಟಿಗೆ ಕೂತು ಮಾತಾಡುವ ಅಭ್ಯಾಸವಿಲ್ಲ.

"ಎಲ್ಲಾರೂ ಕೇಳ್ರಿ. ಇದ ದೋಣ್ಯಾಗ ನಮ್ಮ ಬಾನೂನ ಕುಂಡ್ರಿಸಿಕೊಂಡು ಇವನ ಸಮುದ್ರದಾಗ ಅರ್ಧ ತಾಸು ತಿರುಗಸ್ತೀನಿ. ಅಲ್ಲೀತನಕಾ ಇವನ ಮನಿ ಹೊಸ್ತಲಾ ತುಳಿಯಂಗಿಲ್ಲ. ಇದು ನನ್ನ ಆಣಿ."

ಆ ಕಡೆ ಹೆಂಗಸರ ಪಂಕ್ತಿಯಲ್ಲಿ ತಂಗಿ ಶಮಶಾದಬಿಯ ಪಕ್ಕಕ್ಕೇ ಕೂತು ಉಣ್ಣುತ್ತಿದ್ದ ಬಾನುಬಿ ತಂಗಿಯ ಕೈ ಹಿಡಿದುಕೊಂಡಳು. ಆಣೆ ಇಟ್ಟವನಿಗೆ ಒಂದು ಮಾತು ನೆನಪಿರಲಿಲ್ಲ. ದೋಣಿ ಈಗ ಅವನದಲ್ಲ, ಅಂಬಿಗನದು. ಅದು ಹೊಳೆಯಲ್ಲಿ ದುಡಿಯುತ್ತಿದೆ. ಅದಕ್ಕೆ ಬಿಡುವು ಸಿಗುವುದು ಯಾವಾಗ?

ಸಿಕ್ಕಿದ್ದು ಏಳು ವರ್ಷಕ್ಕೆ. ಅಷ್ಟರಲ್ಲಿ ಶಮಶಾದಬಿ ಮೂರು ಹಡೆದಳು. ಒಂದರ ಹಿಂದೊಂದು ಬಾಣಂತನ, ಅವಳಿಗೆ ಬರಲಾಗದು. ಇತ್ತ ಆಣೆ, ಬಾನುಬಿಗೆ ಹೋಗಲಾಗದು. ಮೂರು ಮಕ್ಕಳಲ್ಲಿ ಒಂದರ ಮುಖವನ್ನೂ ದೊಡ್ಡಮ್ಮ ನೋಡಲಿಲ್ಲ. ತುಂಗಭದ್ರೆಗೆ ಅಂಬಿಗ ದಾಟಿಸುವ ಜಾಗದಲ್ಲಿ ಸೇತುವೆ ಕಟ್ಟುತ್ತಾರೆ ಎಂಬ ಸುದ್ದಿ ಬಂದಾಗ ಇಡೀ ತಾಲೂಕಿನಲ್ಲಿ ಬಾನುಬಿಯಷ್ಟು ಸಂತೋಷಪಟ್ಟವರು ಇನ್ನೊಬ್ಬರಿರಲಿಕ್ಕಿಲ್ಲ. ಪ್ರತಿ ನಮಾಜಿಗೂ ಆ ಸೇತುವೆಗೆ ಒಂದು ದುವಾ ಇರುತ್ತಿತ್ತು. ಎಪ್ಪತ್ತೆಂಟರಲ್ಲಿ ಸೇತುವೆ ಮುಗಿಯಿತು. ಅಂಬಿಗ ದೋಣಿಯನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದು, ನೀನು ಮಾಡಿದ್ದನ್ನು ನೀನೇ ಇಟ್ಟುಕೋ ಎಂದು ಬೇವಿನ ಗಿಡದ ಕೆಳಗೆ ಇಳಿಸಿ ಹೋದ.

ಬಾನುಬಿ ಅವತ್ತೇ ಟ್ರಂಕು ತೆಗೆದು ಒರೆಸಿದಳು.

ಆದರೆ ಹೊಳೆಯ ದೋಣಿ ಬೆಟಗೇರಿಯ ಬಿಸಿಲಿಗೆ ಒಂದು ಬೇಸಿಗೆ ಮಲಗಿದರೆ ಏನಾಗಬೇಕೋ ಅದೇ ಆಯಿತು. ಹಲಗೆ ಒಣಗಿ ಸಂದುಗಳು ಬಾಯಿ ತೆರೆದವು. ಒಳಗೆ ಕೂತರೆ ಓಣಿಯಲ್ಲಿ ಯಾರು ಹೋದರು, ಯಾರು ಬಂದರು ಎಲ್ಲ ಕಾಣುತ್ತಿತ್ತು. ದೋಣಿಯನ್ನು ಉಪ್ಪುನೀರಿಗೆ ಸಜ್ಜು ಮಾಡುವುದು ಹೇಗೆಂದು ಬಾನುಬಿ ಗಂಡನಿಗೆ ಗೊತ್ತಾಗದಂತೆ ತಂಗಿಗೆ ಕಾಗದ ಬರೆಸಿದಳು. ನಜೀರಸಾಬನಿಂದ ಮಾರೋಲೆ ಬಂತು. ಕಬ್ಬಿಣದ ಮೊಳೆ ಕಿತ್ತು ತಾಮ್ರದ್ದು ಹೊಡೆಯಬೇಕು, ಸಂದಿಗೆ ತೆಂಗಿನ ನಾರು ತುರುಕಬೇಕು, ಮೇಲೆ ಗೇರೆಣ್ಣೆ, ಅದರ ಮೇಲೆ ಎರಡು ಸಲ ಮೀನೆಣ್ಣೆ ಬಳಿಯಬೇಕು. ಓದಿ ಹೇಳಿದವನು ಉಪ್ಪಿನ ಲಾರಿಯ ಡ್ರೈವರ್ ಅಂದಪ್ಪ. ಅವನು "ಮೀನೆಣ್ಣಿ" ಎಂಬಲ್ಲಿಗೆ ಬರುವುದರೊಳಗೆ ಕಾಗದ ಯಮನೂರಸಾಬನ ಕೈಯಲ್ಲಿ ನಾಲ್ಕು ಚೂರಾಗಿತ್ತು. ಹೊಂಬಳದವನು ಬೆಟಗೇರಿಯ ಬಡಿಗನಿಗೆ ಮೊಳೆ ಹೊಡೆಯುವುದನ್ನು ಹೇಳಿಕೊಡಬೇಕೇ? ಗದಗಿನ ಸೀಮೆಯಲ್ಲಿ ಹತ್ತಿ ಇಲ್ಲವೇ, ಶೇಂಗಾ ಇಲ್ಲವೇ, ಮೀನಿನ ಮುಂದೆ ಕೈ ಚಾಚಬೇಕೇ?

ಅಂದಪ್ಪ ಹತ್ತು ದಿನದ ಗಡುವು ಕೊಟ್ಟ. ಬರುವ ಶುಕ್ರವಾರ ಬಿಟ್ಟು ಅದರ ಮುಂದಿನ ಶುಕ್ರವಾರ ಅವನ ಲಾರಿ ಉಳ್ಳಾಗಡ್ಡಿ ಹೇರಿಕೊಂಡು ಸಾಣಿಕಟ್ಟಾಕ್ಕೆ ಹೋಗುವುದಿತ್ತು. ಅರ್ಧ ಲಾರಿ ಖಾಲಿ, ದೋಣಿಗೆ ಜಾಗವಿದೆ. ಗೋಕರ್ಣಕ್ಕೆ ಹೋಗಬೇಕೆಂದು ಅವನ ಹೆಂಡತಿ ನೀಲಗಂಗವ್ವನೂ ಬರುತ್ತಾಳೆ, ಬಾನುಬಿಗೂ ಜೊತೆಯಾಯಿತು. ಆ ಶುಕ್ರವಾರ ತಪ್ಪಿದರೆ ಮಳೆ ಹಿಡಿದು ಆಗರ ಮುಚ್ಚುತ್ತದೆ, ಮತ್ತೆ ಉಪ್ಪಿನ ಕೆಲಸ ಶುರುವಾಗುವುದು ಮುಂದಿನ ವರ್ಷವೇ.

ಯಮನೂರಸಾಬ ತೋಳು ಏರಿಸಿದ.

ಮೊದಲನೆಯ ವಿಚಾರ ಅವನಿಗೆ ಎತ್ತಿನಿಂದ ಬಂತು. ದೂರದ ಸಂತೆಯಿಂದ ತಂದ ಎತ್ತಿಗೆ ನಮ್ಮೂರ ನೀರು ಒಮ್ಮೆಲೇ ಹೊಂದುವುದಿಲ್ಲ. ಸ್ವಲ್ಪ ಸ್ವಲ್ಪ ರೂಢಿ ಮಾಡಿಸಬೇಕು. ದೋಣಿಗೂ ಅಷ್ಟೇ! ಉಪ್ಪು ಅದಕ್ಕೆ ಒಮ್ಮೆಲೇ ಬಡಿದರೆ ಬಾಯಿ ಬಿಡದೆ ಏನು ಮಾಡೀತು? ಮೊದಲ ದಿನ ಒಂದು ಹಿಡಿ ಉಪ್ಪು ನೀರಲ್ಲಿ ಕಲಸಿ ದೋಣಿಗೆ ಮೈಯೆಲ್ಲ ತಿಕ್ಕಿದ. ಮರುದಿನ ಎರಡು ಹಿಡಿ. ನಾಲ್ಕನೆಯ ದಿನಕ್ಕೆ ಅಡುಗೆಮನೆಯ ಉಪ್ಪಿನ ಗಡಿಗೆಯ ತಳ ಕಂಡಿತು. ಅವತ್ತು ಮಧ್ಯಾಹ್ನ ಸಾರು ಬಾಯಿಗಿಟ್ಟು ಮುಖ ಸಿಂಡರಿಸಿದ.

"ಸಾರಿಗೆ ಉಪ್ಪ ಹಾಕಿಲ್ಲೇನ?"

"ಉಪ್ಪು ದೋಣಿ ಉಂಡೈತ್ರಿ," ಎಂದಳು ಬಾನುಬಿ, ರೊಟ್ಟಿ ಬಡಿಯುತ್ತಲೇ. "ನಡುನಡುವ ಹೋಗಿ ಅದನ್ನಷ್ಟು ನೆಕ್ಕಿ ಬಂದು ಉಣ್ರಿ."

ಎರಡನೆಯದು ಸಂದು. ತೆಂಗಿನ ನಾರಿನ ಬದಲು ಹತ್ತಿ. ಅದೂ ಕಾಳು ಬಿಡಿಸಿದ ಅರಳೆ ಅಲ್ಲ, ಕಾಳಿರುವ ಹತ್ತಿ. ಯಾಕೆಂದರೆ ಕಾಳು ನೀರು ಕುಡಿದು ಉಬ್ಬುತ್ತದೆ, ಉಬ್ಬಿದರೆ ಸಂದು ತಾನೇ ಬಿಗಿಯುತ್ತದೆ. ಈ ಉಪಾಯ ಹೊಳೆದಾಗ ಅವನು ಉಳಿ ಕೆಳಗಿಟ್ಟು ಸ್ವಲ್ಪ ಹೊತ್ತು ತನ್ನನ್ನು ತಾನೇ ಮೆಚ್ಚಿಕೊಳ್ಳುತ್ತ ಕೂತ.

ಮೂರನೆಯದು ಮೇಲಿನ ಲೇಪ. ಹಳೆಯ ವಾಡೆಗಳ ಗೋಡೆಗೆ ಬೆಲ್ಲ ಹಾಕಿ ಕಟ್ಟಿದ್ದು ನೂರು ವರ್ಷ ನಿಂತಿಲ್ಲವೇ? ಅಂದ ಮೇಲೆ ಬೆಲ್ಲದ ಪಾಕ. ಪಾಕ ಗಟ್ಟಿಯಾಗಲು ಗಾಣದಿಂದ ತಂದ ಶೇಂಗಾ ಹಿಂಡಿ. ಜಾರಿಕೆಗೆ ಮೀನೆಣ್ಣೆಯ ಬದಲು ಹೊಸ ಶೇಂಗಾ ಎಣ್ಣೆ. ರೂಢಿ ತಪ್ಪಬಾರದೆಂದು ಮತ್ತೆ ಎರಡು ಸೇರು ಉಪ್ಪು. ಗುರುವಾರ ಅಂಗಳದಲ್ಲಿ ಒಲೆ ಹೂಡಿ, ಮದುವೆಯ ಹಂಡೆ ಏರಿಸಿ, ಇಷ್ಟನ್ನೂ ಕುದಿಸಿ ಸಟ್ಟುಗದಿಂದ ತಿರುವಿದ. ಅದರ ವಾಸನೆ ಎಷ್ಟು ಸೊಗಸಾಗಿತ್ತೆಂದರೆ ಓಣಿಯ ಆ ತುದಿಯವರು, ಸಾಬರ ಮನೆಯಲ್ಲಿ ಇವತ್ತೇನು ಹಬ್ಬ ಎಂದು ವಿಚಾರಿಸಿ ಹೋದರು.

ಎದುರುಮನೆಯ ಗದಿಗೆವ್ವ ಎಮ್ಮೆ ಸಾಕಿ ಹಾಲು ಮಾರುವವಳು. ಹಂಡೆಯೊಳಗೆ ಬಗ್ಗಿ, ದೋಣಿಯ ಸಂದಿನ ಹತ್ತಿಯನ್ನೂ ನೋಡಿ ಅವಳಿಗೆ ಅಚ್ಚರಿಯಾಯಿತು.

"ಯಮನೂರಣ್ಣಾ, ಯಾವಾಗ ತಂದಿ ಎಮ್ಮಿ? ಈದೈತೇನು?"

"ಯಾವ ಎಮ್ಮಿ?"

"ಮತ್ತ ಹಿಂಡಿ, ಬೆಲ್ಲಾ, ಹತ್ತಿಕಾಳು, ಉಪ್ಪು? ಈ ಅಡಗಿ ನಾವು ಈದ ಎಮ್ಮಿಗೆ ಮಾಡಿ ಹಾಕತೀವಿ."

ಇಡೀ ಊರಿಗೆ ಕೇಳುವಂತೆ ಅಲ್ಲಾ ನುಡಿಸಿದ ಸತ್ಯ ಅದು. ಆದರೆ ಸಿಟ್ಟಿನ ಮನುಷ್ಯನಿಗೆ ಕಿವಿ ಎರಡನೆಯ ಮಾತಿಗೇ ಮುಚ್ಚುತ್ತದೆ. ಇದು ದೋಣಿಯ ಮಸಾಲೆ, ನಿನ್ನ ಎಮ್ಮೆಗೆ ಇದರದ್ದೇನು ತಿಳಿಯುತ್ತದೆ ಎಂದು ಯಮನೂರಸಾಬ ಗದರಿದ.

"ಅದಕ್ಕ ಚೊಲೋ ತಿಳಿತೈತಿ ಬಿಡಪಾ," ಎಂದು ಗದಿಗೆವ್ವ ಸೆರಗು ಕೊಡವಿಕೊಂಡು ಹೋದಳು.

ದೋಣಿಯನ್ನು ಎರಡು ತೊಲೆಗಳ ಮೇಲೆ ಬೋರಲು ಹಾಕಿ ಬಿಸಿಬಿಸಿ ಲೇಪ ಬಳಿದ. ಶುಕ್ರವಾರ ಬೆಳಿಗ್ಗೆ ಬಿಸಿಲು ಬಿದ್ದಾಗ ಅದು ಮದುಮಗಳಂತೆ ಹೊಳೆಯುತ್ತಿತ್ತು. ಮೂತಿಗೆ ಹೊಸ ಹಗ್ಗದ ಕುಣಿಕೆ ಕಟ್ಟಿದ. ಬಾನುಬಿಯ ಟ್ರಂಕೂ ಹೊಸ್ತಿಲಿಗೆ ಬಂದು ಕೂತಿತು. ಅದರೊಳಗೆ ಐವತ್ತು ಕಡಕ ರೊಟ್ಟಿ, ಕೆಂಪು ಖಾರದ ಪುಡಿ, ಮೂರು ಅಳತೆಯ ಮೂರು ಅಂಗಿ. ಮಕ್ಕಳನ್ನು ಕಾಣದವಳು ಅಳತೆಯನ್ನು ಹೇಗೆ ತೆಗೆದಳೋ ದೇವರಿಗೇ ಗೊತ್ತು. ಓಣಿಯಲ್ಲಿ ಆಯಾ ವಯಸ್ಸಿನ ಮಕ್ಕಳನ್ನು ಹಿಡಿದು ನಿಲ್ಲಿಸಿ ಹೊಲಿದಿದ್ದಳಂತೆ.

ಅಂದಪ್ಪನ ಲಾರಿ ಬರುವುದು ಜುಮ್ಮಾ ನಮಾಜು ಮುಗಿದ ಮೇಲೆ. ಯಮನೂರಸಾಬ ಟೊಪ್ಪಿಗೆ ಇಟ್ಟುಕೊಂಡು, ದೋಣಿಯ ಮೇಲೆ ಕಣ್ಣಿಟ್ಟಿರು, ಯಾರೂ ಕೈ ಹಚ್ಚಬಾರದು ಎಂದು ಹೆಂಡತಿಗೆ ತಾಕೀತು ಮಾಡಿ ಮಸೀದಿಗೆ ಹೋದ. ಕೈ ಹಚ್ಚಬಾರದು ಎಂದನೇ ಹೊರತು ನಾಲಿಗೆಯ ವಿಚಾರ ಅವನಿಗೆ ಹೊಳೆಯಲಿಲ್ಲ.

ಮನೆಗೆ ಮರಳುವಾಗ ಓಣಿಯ ತಿರುವಿನಲ್ಲೇ ಅವನಿಗೆ ಸಪ್ಪಳ ಕೇಳಿತು. ಮಳೆ ಬಿದ್ದ ಹೊಲದಲ್ಲಿ ಕಾಲು ಕಿತ್ತಿಟ್ಟಂತೆ, ಪಚ್ ಪಚ್ ಪಚ್. ಅಂಗಳ ಕಂಡಿತು. ದೋಣಿ ಕಾಣಲಿಲ್ಲ. ಕಂಡದ್ದು ಐದು ಎಮ್ಮೆ, ಒಂದು ಮುದಿ ಎತ್ತು, ಲೆಕ್ಕವಿಲ್ಲದ ಆಡುಗಳು. ಸುತ್ತ ಗೋಲಾಗಿ ನಿಂತು, ಯಾರೂ ಯಾರನ್ನೂ ದೂಡದೆ, ದೊಡ್ಡ ಮನುಷ್ಯರ ದಾವತ್ತಿನಂತೆ ಶಿಸ್ತಿನಿಂದ ಊಟ ನಡೆಸಿದ್ದವು. ಲೇಪ ಆಗಲೇ ಮುಗಿದಿತ್ತು. ಈಗ ಸಂದಿನೊಳಗಿನ ಹತ್ತಿ ಎಳೆಯುವ ಕೆಲಸ. ಕಾಳು ಬಂದಾಗ ಕಟುಂ ಎನ್ನುತ್ತಿತ್ತು. ಗದಿಗೆವ್ವನ ಎಮ್ಮೆ ಯಜಮಾನಿಯಂತೆ ಮೂತಿಯ ಕಡೆ ನಿಂತು ಕುಣಿಕೆಯನ್ನೂ ಚೀಪುತ್ತಿತ್ತು. ಅದಕ್ಕೂ ಉಪ್ಪು ತಿಕ್ಕಿದ್ದನಲ್ಲ!

ಯಮನೂರಸಾಬ ಒದರಿದ ಒದರಿಗೆ ಬೇವಿನ ಗಿಡದ ಕಾಗೆಗಳೆಲ್ಲ ಎದ್ದವು. ಕೈಗೆ ಸಿಕ್ಕ ಗಜಕೋಲು ತೆಗೆದುಕೊಂಡು ನುಗ್ಗಿದ. ಆಡುಗಳು ಚೆದುರಿದವು. ಗದಿಗೆವ್ವನ ಎಮ್ಮೆ ಗಾಬರಿಯಿಂದ ತಲೆ ಎತ್ತಿತು. ಎತ್ತಿದ್ದೇ ತಡ, ಕುಣಿಕೆ ಕೊಂಬಿಗೆ ಸಿಕ್ಕಿತು. ಎಮ್ಮೆ ಕೊಡವಿತು. ದೋಣಿ ತೊಲೆಯ ಮೇಲಿಂದ ಉರುಳಿ ಅಂಗಾತ ಬಿತ್ತು. ಬಿದ್ದ ಸಪ್ಪಳಕ್ಕೆ ಎಮ್ಮೆ ಓಟ ಕಿತ್ತಿತು, ಹಿಂದೆ ದೋಣಿಯೂ ಹೊರಟಿತು. ಬಿಟ್ಟರೆ ಏಳು ವರ್ಷದ ಆಣೆ ಎಮ್ಮೆಯ ಹಿಂದೆ ಹೋಗುತ್ತದೆ! ಯಮನೂರಸಾಬ ಓಡಿ ದೋಣಿಯ ಅಂಚಿಗೆ ಕೈ ಹಾಕಿದ. ಕಾಲು ಜಾರಿತು. ಅವನು ಒಳಗೆ ಬಿದ್ದ.

ಹೀಗೆ ಬೆಟಗೇರಿಯ ಓಣಿಯಲ್ಲಿ, ಒಣ ಮಣ್ಣಿನ ಮೇಲೆ, ಯಮನೂರಸಾಬನ ಸಮುದ್ರಯಾನ ಆರಂಭವಾಯಿತು. ತಲೆಯ ಮೇಲೆ ನಮಾಜಿನ ಟೊಪ್ಪಿಗೆ, ಕೈಯಲ್ಲಿ ಗಜಕೋಲಿನ ಹುಟ್ಟು, ಮುಂದೆ ಎಮ್ಮೆ. ಅವನು ಅದಕ್ಕೆ ನಿಲ್ಲು ಎಂದಷ್ಟೂ ಅದು ತನ್ನನ್ನು ಬೈಯುತ್ತಾನೆಂದು ತಿಳಿದು ಜೋರು ಮಾಡಿತು. ಹಾದಿಯಲ್ಲಿ ಬುಡದ ಎರಡು ಹಲಗೆ ಕಳಚಿ ಹಿಂದೆ ಉಳಿದವು. ಎಮ್ಮೆ ನಳ ಬಂದಾಗಲೆಲ್ಲ ತಾನು ನೀರು ಕುಡಿಯುವ ಜಾಗ ನೆನಪಾಗಿ ನೇರ ಚೌಕದ ನಳದ ಹತ್ತಿರ ಹೋಗಿ ನಿಂತಿತು. ಎಂಟು ದಿನದ ಮೇಲೆ ಅವತ್ತೇ ನಳ ಬರುವುದಿತ್ತು. ಅರವತ್ತು ಕೊಡಗಳು ಪಾಳಿ ಹಚ್ಚಿ ಕೂತಿದ್ದವು. ಅರ್ಧ ಕೊಡಗಳನ್ನು ಚೆಲ್ಲಾಪಿಲ್ಲಿ ಮಾಡಿ ಪಾಳಿಯ ಕಟ್ಟಕಡೆಯ ಕೊಡದ ಹಿಂದೆ ದೋಣಿ ಲಂಗರು ಹಾಕಿತು.

ಪಾಳಿಯಲ್ಲಿದ್ದ ಮುದುಕಿಯೊಬ್ಬಳು ದೋಣಿಯನ್ನೂ ಅದರೊಳಗೆ ಕೂತವನನ್ನೂ ಸಾವಕಾಶ ನೋಡಿದಳು.

"ಯಮನೂರಸಾಬ, ಒಂದ ಮನಿಗೆ ಎರಡ ಕೊಡ ಅಂತ ಠರಾವ್ ಆಗೇತಿ. ಇಷ್ಟ ದೊಡ್ಡದು ತಂದ್ರ ನಡಿಯಂಗಿಲ್ಲ."

ಅಲ್ಲಿಂದ ನಕ್ಕ ನಗು ಗದಗಿನ ಟೇಶನ್ನಿನವರೆಗೆ ಕೇಳಿಸಿತೆಂದು ಹೇಳುವವರಿದ್ದಾರೆ. ಅದು ಸುಳ್ಳು. ಅರ್ಧ ದಾರಿಯವರೆಗೆ ಮಾತ್ರ ಕೇಳಿಸಿತ್ತು.

ಅವನು ಮೊಣಕಾಲು ಕೆತ್ತಿಸಿಕೊಂಡು ಕುಂಟುತ್ತ ಮನೆಗೆ ಬಂದಾಗ ಲಾರಿ ಬಂದು ನಿಂತಿತ್ತು. ಅಂದಪ್ಪ ಬಿದ್ದ ಹಲಗೆಗಳನ್ನು ನೋಡಿ ಹಾರ್ನಿನ ಮೇಲಿಂದ ಕೈ ತೆಗೆದ. ಬಾನುಬಿ ಬುರ್ಖಾ ತೊಟ್ಟು ಟ್ರಂಕಿನ ಪಕ್ಕ ನಿಂತಿದ್ದಳು. ಅವಳನ್ನು ಕಂಡದ್ದೇ ಸಿಟ್ಟಿಗೆ ಒಂದು ದಾರಿ ಸಿಕ್ಕಿತು.

"ಒಂದ ತಾಸು ಕಾಯಿ ಅಂದ್ರ ಕಾಯಾಕ ಆಗಲಿಲ್ಲೇನ ನಿನಗ?"

"ಏಳು ವರ್ಷ ಕಾದೀನ್ರಿ," ಎಂದಳು ಬಾನುಬಿ. "ಸೀರಿ ಉಟಗೊಳ್ಳಾಕ ಒಳಗ ಹೋಗಿದ್ದೆ, ಅಷ್ಟ."

ದನಿ ಏರಿಸಲಿಲ್ಲ, ಅಳಲೂ ಇಲ್ಲ. ಟ್ರಂಕನ್ನು ಎತ್ತಿ ಲಾರಿಯ ಬಾಗಿಲಲ್ಲಿ ಕೂತಿದ್ದ ನೀಲಗಂಗವ್ವನ ಕೈಗೆ ಕೊಟ್ಟಳು. ಎಲ್ಲಿಗೆ ಎಂದು ಯಮನೂರಸಾಬ ಕೇಳಿದ. ಸಾಣಿಕಟ್ಟಾಕ್ಕೆ ಎಂದಳು. ದೋಣಿ ಇಲ್ಲದೆ ಹೋಗುವುದು ಹೇಗೆ, ನನ್ನ ಆಣೆ ಏನಾಗಬೇಕು ಎಂದು ಅವನು ಗುಡುಗಿದ.

"ಆಣಿ ಇಟ್ಟಾವ್ರು ನೀವು. ನಾ ಯಾವಾಗ ಇಟ್ಟೇನ್ರಿ?"

ಯಮನೂರಸಾಬ ಬಾಯಿ ತೆರೆದ. ಏಳು ವರ್ಷದಲ್ಲಿ ಈ ಮಾತು ಅವನಿಗೂ ಹೊಳೆದಿರಲಿಲ್ಲ, ಅವಳಿಗೂ ಹೊಳೆದಿರಲಿಲ್ಲ. ಅವಳಿಗೆ ಹೊಳೆದದ್ದು ಸೀರೆಯ ನೆರಿಗೆ ಹಿಡಿಯುವಾಗ ಕಿಟಕಿಯಿಂದ ಎಮ್ಮೆ ಊಟಕ್ಕೆ ನಿಂತದ್ದನ್ನು ಕಂಡ ಕ್ಷಣದಲ್ಲೇ ಇರಬೇಕು. ಅವನ ಬಾಯಿ ಮುಚ್ಚುವುದರೊಳಗೆ ಲಾರಿ ತಿರುವು ದಾಟಿತ್ತು. ಹಿಂದಿನ ಅರ್ಧದಲ್ಲಿ ದೋಣಿಯ ಜಾಗ ಖಾಲಿಯೇ ಹೋಯಿತು.

ಹನ್ನೆರಡು ದಿನ ಯಮನೂರಸಾಬ ತಾನೇ ಬೇಯಿಸಿಕೊಂಡು ತಿಂದ. ದಿನಾ ಬೆಳಿಗ್ಗೆ ಎದ್ದು ನೋಡಿದರೆ ಗದಿಗೆವ್ವನ ಎಮ್ಮೆ, ಚೌಕದಿಂದ ಅಂಗಳಕ್ಕೆ ಎಳೆದು ತಂದಿದ್ದ ದೋಣಿಯಲ್ಲಿ ಮುಖ ಇಟ್ಟು ಉಪ್ಪು ನೆಕ್ಕುತ್ತ ನಿಂತಿರುತ್ತಿತ್ತು. ಮನೆಯ ಗ್ವಾದಲಿಯಲ್ಲಿ ಮೇವು ಹಾಕಿದರೆ ಮೂಸಿಯೂ ನೋಡುವುದಿಲ್ಲ ಎಂದು ಗದಿಗೆವ್ವ ಬಂದು ಗೋಳು ಹೇಳಿದಳು. ಹಾಲು ಮಾತ್ರ ಒಂದೂವರೆ ಸೇರು ಹೆಚ್ಚಾಗಿದೆ ಎಂಬುದನ್ನು ಹೇಳಲಿಲ್ಲ, ಅದು ಓಣಿಯವರಿಂದ ತಿಳಿಯಿತು.

ಹದಿಮೂರನೆಯ ದಿನ ಉಪ್ಪಿನ ಲಾರಿಯಿಂದ ಬಾನುಬಿ ಇಳಿದಳು. ಬಿಸಿಲಿಗೆ ಕಪ್ಪಗಾಗಿದ್ದಳು, ಹಗುರಾಗಿ ನಡೆಯುತ್ತಿದ್ದಳು. ಮೂರು ಅಂಗಿಗಳಲ್ಲಿ ಎರಡು ಸರಿಯಾದವು, ಒಂದು ಬಿಗಿಯಾಯಿತು ಎಂದಳು. ಆಮೇಲೆ ಚೀಲದಿಂದ ಒಂದು ಬಾಟಲಿ ತೆಗೆದು ಅವನ ಮುಂದಿಟ್ಟಳು. ಬೂಚು ಇನ್ನೂ ಬಿಚ್ಚಿರಲಿಲ್ಲ, ಅಂಗಳದಲ್ಲಿದ್ದ ಗದಿಗೆವ್ವನ ಎಮ್ಮೆ ಮೂಗರಳಿಸಿ ನಾಲ್ಕು ಹೆಜ್ಜೆ ಹಿಂದೆ ಸರಿಯಿತು. ಮೀನೆಣ್ಣೆ! ಇದನ್ನು ಹಚ್ಚಿದ್ದರೆ ಎಮ್ಮೆ ಆ ಓಣಿಗೇ ಕಾಲಿಡುತ್ತಿರಲಿಲ್ಲ ಎಂದು ನಜೀರಸಾಬ ಹೇಳಿ ಕಳಿಸಿದ್ದನಂತೆ.

ಯಮನೂರಸಾಬ ಬಾಟಲಿಯನ್ನು ಒಡೆಯಬೇಕೆಂದು ಎತ್ತಿದ. ಒಡೆದರೆ ನಾರುವುದು ತನ್ನದೇ ಅಂಗಳ ಎಂದು ನೆನಪಾಗಿ ಕೆಳಗಿಟ್ಟ.

"ಮತ್ತ ಸಮುದ್ರದಾಗ ತಿರುಗಿ ಬಂದಿ? ಅವನ ದೋಣ್ಯಾಗ ಕುಂತು?" ಎಂದು ಕೇಳಿದ. ಕೇಳಬಾರದೆಂದು ಹನ್ನೆರಡು ದಿನದಿಂದ ನಿಶ್ಚಯ ಮಾಡಿದ್ದ.

"ದಂಡಿ ಮ್ಯಾಲೆ ನಿಂತು ನೋಡಿದೆ. ನಜೀರಸಾಬ ಕುಂಡ್ರ ಬಾ ಅಕ್ಕಾ ಅಂತ ಭಾಳ ಕರದ. ನಾ ಒಲ್ಲೆ ಅಂದೆ."

"ಯಾಕ?"

"ನಮ್ಮವ್ರು ನಲವತ್ತು ಮಂದಿ ಮುಂದ ಅರ್ಧ ತಾಸು ಕೊಡತೀನಿ ಅಂದಾರ. ಅದು ಬರೂದೈತಿ ಅಂದೆ."

ಯಮನೂರಸಾಬ ಎದ್ದು ಹೋಗಿ, ದಾರಿಯಲ್ಲಿ ಕಳಚಿದ್ದ ಎರಡು ಹಲಗೆಗಳನ್ನು ತಂದು ದೋಣಿಯ ಬುಡಕ್ಕೆ ಮೊಳೆ ಹೊಡೆದ. ಮಳೆಗಾಲಕ್ಕೆ ಮಾಗಡಿಯ ಕೆರೆಗಾದರೂ ಒಯ್ಯುತ್ತೇನೆ ಎಂದ. ಅದು ಸಿಹಿನೀರು, ಆಣೆಗೆ ಜಮಾ ಆಗುವುದಿಲ್ಲ ಎಂದಳು ಬಾನುಬಿ. ಮುಂದಿನ ವರ್ಷ ಎಂದ. ಮುಂದಿನ ವರ್ಷ ಬಂದಾಗ ಅದರ ಮುಂದಿನ ವರ್ಷ ಎಂದ. ಅಷ್ಟರಲ್ಲಿ ಎಮ್ಮೆ ದೋಣಿ ಬಿಟ್ಟು ಬೇರೆಲ್ಲೂ ತಿನ್ನದೆ ಬಡವಾಗುತ್ತಿದೆ ಎಂದು ಗದಿಗೆವ್ವ ಕೇಳಿಕೊಂಡಳು, ಬಾನುಬಿ ಗಂಡನನ್ನು ಕೇಳದೆಯೇ ದೋಣಿಯನ್ನು ಎದುರುಮನೆಯ ಕೊಟ್ಟಿಗೆಗೆ ಸಾಗಿಸಿದಳು.

ಈಗ ಅದರಲ್ಲಿ ಆ ಎಮ್ಮೆಯ ಮಗಳು ಮೇಯುತ್ತದೆ. ದಿನಾ ಹಿಂಡಿಯ ನೀರು ಕುಡಿದು ಹಲಗೆ ಉಬ್ಬಿ ಸಂದು ತಾನೇ ಬಿಗಿದಿದೆ, ದೋಣಿ ಈಗ ಒಂದು ಹನಿ ಸೋರುವುದಿಲ್ಲ. ಸಂಜೆ ಗದಿಗೆವ್ವ ಅದರಲ್ಲಿ ಹಿಂಡಿ ಕಲಸುವಾಗ ಬಾನುಬಿ ಹೋಗಿ ಅಂಚಿನ ಮೇಲೆ ಕೂತು ಶೇಂಗಾ ಸುಲಿಯುತ್ತ ಹರಟೆ ಹೊಡೆಯುತ್ತಾಳೆ. ಒಂದು ದಿನ ಯಮನೂರಸಾಬ ಕಟ್ಟೆಯ ಮೇಲಿಂದ ಇದನ್ನು ನೋಡಿ, ಬಹಳ ಹೊತ್ತು ಲೆಕ್ಕ ಹಾಕಿ, ಕೊನೆಗೆ ಕೂಗಿ ಕೇಳಿಯೇ ಬಿಟ್ಟ.

"ಬಾನೂ, ದೋಣ್ಯಾಗ ಕುಂತು ಅರ್ಧ ತಾಸು ಆತಲ್ಲ. ಒಳಗ ನೀರೂ ಐತಿ, ಉಪ್ಪೂ ಐತಿ. ಆಣಿ ತೀರಿತೇನು?"

ಬಾನುಬಿ ಒಂದು ಕಾಯಿ ಸುಲಿದು ಎಮ್ಮೆಯ ಬಾಯಿಗೆ ಹಾಕಿದಳು.

"ಇದು ಎಮ್ಮಿ ಪಾಳಿ ಐತ್ರಿ. ನನ್ನ ಪಾಳಿ ಇನ್ನೂ ಬರೂದೈತಿ."